ಕಿವಿಗೆ ಬಿದ್ದು ಮನದಲ್ಲಿ ನಿಂತ ಮಾತು

ಆಡಿದ ಮಾತು ಎಷ್ಟು ದಿನ ಬಾಳುತ್ತದೆ? ಈ ಪ್ರಶ್ನೆಗೆ ಖಾನಾಪುರ ತಾಲೂಕಿನ ಎರಡು ಊರುಗಳು ಉತ್ತರ ಹೇಳುತ್ತವೆ. ಒಂದು ಹಲಸಿ, ಇನ್ನೊಂದು ನಂದಗಡ.

ಹಲಸಿಯು ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನಿಂದ, ಬನವಾಸಿಯ ಜೊತೆಗೆ ಎರಡನೆಯ ರಾಜಧಾನಿಯಾಗಿ ಮೆರೆದ ಊರು. ಆ ಅರಸರು ತಮ್ಮ ದಾನದ ಮಾತು ಚಿರವಾಗಲೆಂದು ಅದನ್ನು ತಾಮ್ರದ ಹಲಗೆಗಳಲ್ಲಿ ಕೊರೆಯಿಸಿದರು. ಹಲಗೆ ಉಳಿಯಿತು, ಅದರಲ್ಲಿದ್ದ ಮಾತನ್ನು ಜನ ಮರೆತರು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಸಾಹೇಬರು ಓದಿ ಅಚ್ಚು ಹಾಕಿಸಿದ ಮೇಲೆಯೇ ಅದು ಮತ್ತೆ ಬೆಳಕು ಕಂಡಿತು.

ನಂದಗಡದ ಸಂಗತಿ ಬೇರೆ. 1824ರಲ್ಲಿ ಕಿತ್ತೂರು ಕುಂಪಣಿಯ ಕೈವಶವಾಯಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಆ ಬಳಿಕ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನಿಗಾಗಿ ಯಾರೂ ತಾಮ್ರಪಟ ಬರೆಯಿಸಲಿಲ್ಲ. ಸರಕಾರದ ಕಾಗದಗಳಲ್ಲಿ ಅವನು ದಂಗೆಕೋರ. ಆದರೂ ಅವನ ಹೆಸರು ನಾಡಿನಲ್ಲಿ ಅಳಿಯಲಿಲ್ಲ. ಅದನ್ನು ಉಳಿಸಿದವರಲ್ಲಿ ಲಾವಣಿಕಾರರು ಮೊದಲಿಗರು. ಅಕ್ಷರ ಅರಿಯದ ಕೇಳುಗರ ಮುಂದೆ, ಜಾತ್ರೆಯ ಗದ್ದಲದ ನಡುವೆ ನಿಂತು ಅವರು ಹಾಡಿದ ಮಾತು ಹೇಗೆ ನಿಂತಿತು ಎಂಬುದನ್ನು ವಾಚಕರು ನಿಧಾನವಾಗಿ ನೋಡಬೇಕು. ಸಭೆಯಲ್ಲಿ ನಾಲ್ಕು ಮಾತು ಆಡಬೇಕಾದ ಪ್ರತಿಯೊಬ್ಬರಿಗೂ ಇದರಲ್ಲಿ ಪಾಠವಿದೆ.

ಮೇಳದವರು ಮೊದಲು ದೇವರನ್ನು ನೆನೆದು, ಕೂಡಿದ ದೈವಕ್ಕೆ ಶರಣೆಂದು, ಇಂಥ ಊರಿನ ಇಂಥವನ ಕಥೆ ಕೇಳಿರೆಂದು ಹೇಳುತ್ತಾರೆ. ಇದು ಬರಿಯ ಶಿಷ್ಟಾಚಾರವಲ್ಲ. ಕೇಳುವವನ ಚಿತ್ತ ಚದುರಿರುತ್ತದೆ. ಅದನ್ನು ಒಂದೆಡೆಗೆ ತರಲು ತುಸು ಹೊತ್ತು ಬೇಕು. ಏನು ಹೇಳಲಿದ್ದೇವೆಂಬುದು ಮೊದಲೇ ತಿಳಿದರೆ ಮುಂದಿನ ಮಾತುಗಳು ತಮ್ಮ ತಮ್ಮ ಸ್ಥಾನದಲ್ಲಿ ಹೋಗಿ ಕೂಡುತ್ತವೆ.

ಎರಡನೆಯದು ಪಲ್ಲವಿ. ಮುಂದಿನವನು ದಪ್ಪು ಬಾರಿಸುತ್ತ ನುಡಿಯೊಂದನ್ನು ಮುಗಿಸಿದೊಡನೆ ಹಿಮ್ಮೇಳದವರು ತುಂತುಣಿ, ತಾಳಗಳೊಡನೆ ‘ಗೀಯ ಗೀಯ’ ಎಂದು ದನಿಗೂಡಿಸುತ್ತಾರೆ. ಇದರಿಂದ ಹಾಡುವವನಿಗೆ ಉಸಿರು ತಿರುಗಿ ಮುಂದಿನ ನುಡಿ ನೆನಪಾಗುತ್ತದೆ. ಕೇಳುವವನಿಗೆ ಹಿಂದಿನ ನುಡಿ ಅರಗುತ್ತದೆ. ಒಂದೇ ಸಮನೆ ಸುರಿದ ಮಳೆ ಹರಿದುಹೋಗುತ್ತದೆ. ಬಿಟ್ಟು ಬಿಟ್ಟು ಬಂದದ್ದು ನೆಲಕ್ಕೆ ಇಳಿಯುತ್ತದೆ. ಭಾಷಣದ ಮುಖ್ಯ ವಾಕ್ಯವನ್ನು ಎರಡು ಮೂರು ಸಲ ಮರಳಿ ತರುವುದೂ ನಡುವೆ ಮೌನವಾಗುವುದೂ ಇದೇ ಕೆಲಸವನ್ನು ಮಾಡುತ್ತವೆ.

ಮೂರನೆಯದು ಪ್ರಾಸ. ಪಂಡಿತರು ಇದನ್ನು ಅಲಂಕಾರವೆನ್ನುವರು. ಲಾವಣಿಕಾರನಿಗೆ ಇದು ಗೂಟ. ಒಂದು ಸಾಲು ನೆನಪಿಗೆ ಬಂದರೆ ಅದೇ ಅಕ್ಷರದ ಇನ್ನೊಂದು ಸಾಲು ತಾನಾಗಿ ಹಿಂಬಾಲಿಸುತ್ತದೆ. ನಾಲ್ಕನೆಯದು ಕಣ್ಣಿಗೆ ಕಟ್ಟುವ ವಸ್ತು. ‘ಜನರಿಗೆ ಕಷ್ಟವಾಯಿತು’ ಎಂದರೆ ಯಾರ ಮನಸ್ಸಿಗೂ ನಾಟದು. ಕಸಿದುಕೊಂಡ ಹೊಲ, ಉರಿದ ಕಚೇರಿ, ಆಪ್ತರ ಮೋಸ ಎಂದರೆ ಚಿತ್ರ ನಿಲ್ಲುತ್ತದೆ. ಮೇಲಾಗಿ ವೀರನ ಮಾತನ್ನು ವೀರನ ಬಾಯಿಂದಲೇ ಆಡಿಸುತ್ತಾರೆ. ಕೊನೆಗೆ ತಮ್ಮ ಊರನ್ನೋ ದೈವವನ್ನೋ ಹೆಸರಿಸಿ ಅಂಕಿತ ಹಾಕುತ್ತಾರೆ. ಕಥೆ ಮುಗಿಯಿತೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಶಾಸನ ಬರೆದವರಿಗೂ ಈ ಗುಟ್ಟು ತಿಳಿಯದಿರಲಿಲ್ಲ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಶ್ಲೋಕವನ್ನು ನೆನೆಯಿರಿ. ದತ್ತಿಯ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನಂತೆ. ಹೊಲದ ಎಲ್ಲೆಗಳ ವಿವರವನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ. ಆ ಅರವತ್ತು ಸಾವಿರವೂ ಆ ಹುಳುವೂ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಹಲಸಿಯ ತಾಮ್ರಪಟಗಳನ್ನು ಓದಿದ ಫ್ಲೀಟರೇ ಮುಂದೆ ಈ ಸೀಮೆಯ ಕನ್ನಡ ಲಾವಣಿಗಳನ್ನೂ ಸಂಗ್ರಹಿಸಿ, 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರೆಂಬುದು ಗಮನಿಸತಕ್ಕ ಸಂಗತಿ. ತಾಮ್ರಕ್ಕೂ ನಾಲಗೆಗೂ ಆ ವಿದ್ವಾಂಸರು ಸಮಾನ ಮರ್ಯಾದೆ ಕೊಟ್ಟರು.

ಆದರೆ ಒಂದು ಎಚ್ಚರಿಕೆ ಅಗತ್ಯ. ನೆನಪಿನಲ್ಲಿ ನಿಂತದ್ದೆಲ್ಲ ನಿಜವೆಂದು ತಿಳಿಯಬಾರದು. ಪ್ರಾಸಕ್ಕಾಗಿ ಸಂಖ್ಯೆ ಬೆಳೆಯುತ್ತದೆ, ರಸಕ್ಕಾಗಿ ಘಟನೆ ಸ್ಥಳ ಬದಲಿಸುತ್ತದೆ. ಗಲ್ಲಿನ ತಾರೀಖಿಗೆ ಕಾಗದವನ್ನು ನೋಡಬೇಕು. ಆ ಸಾವು ಜನರಿಗೆ ಏನಾಗಿ ಕಂಡಿತೆಂಬುದಕ್ಕೆ ಲಾವಣಿಯನ್ನು ಕೇಳಬೇಕು. ಮಾತುಗಾರನ ಕೌಶಲ ಹೆಚ್ಚಿದಷ್ಟೂ ಅವನ ಹೊಣೆಯೂ ಹೆಚ್ಚುತ್ತದೆ. ಚೆನ್ನಾಗಿ ಹೇಳಿದ ಸುಳ್ಳೂ ಚೆನ್ನಾಗಿಯೇ ಉಳಿಯುತ್ತದೆ.

ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಆರಂಭವಾದಾಗ ನಮ್ಮ ಸೀಮೆಯ ಮಾತಿಗೆ ಹೊಸ ಬಯಲು ದೊರೆಯಿತು. ಇಲ್ಲಿ ಕೇಳುಗನಿಗೆ ಮಾತುಗಾರನ ಮುಖ ಕಾಣದು. ಪುಸ್ತಕದಂತೆ ಹಾಳೆ ಹಿಂದಕ್ಕೆ ತಿರುವಲು ಬಾರದು. ಒಲೆಯ ಮೇಲೆ ಹಾಲು ಉಕ್ಕುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಅಷ್ಟರಲ್ಲಿ ಎರಡು ವಾಕ್ಯ ದಾಟಿಹೋಗಿರುತ್ತವೆ. ಆದುದರಿಂದ ಕಿರಿದಾದ ವಾಕ್ಯ, ಮರಳಿ ಬರುವ ಮುಖ್ಯ ಮಾತು, ಕಣ್ಣಿಗೆ ಕಟ್ಟುವ ಉದಾಹರಣೆ, ಇವು ಜಾತ್ರೆಯ ಬಯಲಿಗಿಂತ ಇಲ್ಲಿ ಇನ್ನೂ ಹೆಚ್ಚು ಬೇಕು.

ಜನವರಿ 26 ಗಣರಾಜ್ಯೋತ್ಸವದ ದಿನ. ನಮ್ಮ ಶಾಲೆಗಳಲ್ಲಿ ಮಕ್ಕಳು ಅಂದು ಭಾಷಣ ಮಾಡುತ್ತಾರೆ. ಹಿರಿಯರು ಬರೆದುಕೊಟ್ಟ ದೊಡ್ಡ ಪದಗಳ ಹಾಳೆಯನ್ನು ಓದಿಸುವ ಬದಲು, ಅದೇ ತಾರೀಖಿನಂದು ನಂದಗಡದಲ್ಲಿ ನಡೆದುದನ್ನು ಹತ್ತು ಸಣ್ಣ ವಾಕ್ಯಗಳಲ್ಲಿ, ತಮ್ಮ ಮಾತಿನಲ್ಲೇ ಹೇಳಲು ಕಲಿಸಿರಿ. ಹೇಳಿದ ಹುಡುಗನಿಗೂ ಕೇಳಿದ ಹುಡುಗಿಗೂ ಅದು ಬಾಳಿನುದ್ದಕ್ಕೂ ಉಳಿದೀತು.