ಸಣ್ಣ ಕತೆಯ ಪಾರಿತೋಷಕ ಮತ್ತು ಎರಡನೆಯ ಹೆಸರು

1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಮೆಚ್ಚಿದ ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರು, ಅಂಥದೇ ಆಟವನ್ನು ಮರಾಠಿಯಲ್ಲಿ ರಚಿಸಲು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆಯಿತ್ತರು. ಮರುವರ್ಷ ‘ಸೀತಾ ಸ್ವಯಂವರ’ ರಂಗವೇರಿತು. ಭಾವೆಯವರ ಹೆಸರಿನ ನಾಟ್ಯಮಂದಿರ ಸಾಂಗಲಿಯಲ್ಲಿದೆ. ಕರ್ಕಿಯ ಮೇಳದವರ ಹೆಸರನ್ನು ಮಾತ್ರ ಇಲ್ಲಿ ಯಾರೂ ಹೇಳರು. ಭಾಷೆಯಿಂದ ಭಾಷೆಗೆ ವಸ್ತು ದಾಟುವಾಗ ಒಬ್ಬರ ಹೆಸರು ಹೀಗೆ ದಾರಿಯಲ್ಲಿ ಉಳಿದುಬಿಡುತ್ತದೆ.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕ ದೊರೆಯಿತು. 1990ರಿಂದ 2023ರ ವರೆಗಿನ ಹನ್ನೆರಡು ಕನ್ನಡ ಕತೆಗಳ ಇಂಗ್ಲಿಷ್ ಸಂಗ್ರಹವಿದು. ಸಣ್ಣ ಕತೆಗೆ ಈ ಗೌರವ ಇದೇ ಮೊದಲೆಂದು ಕೆಲವರು ಭಾಷಣ ಮಾಡಿದರು. ಅದು ಪೂರ್ಣ ಸರಿಯಲ್ಲ. 2005ರಲ್ಲಿ ಆರಂಭವಾದಾಗ ಈ ಪಾರಿತೋಷಕವು ಎರಡು ವರ್ಷಕ್ಕೊಮ್ಮೆ ಲೇಖಕರ ಸಮಗ್ರ ಸಾಧನೆಗೆ ಸಲ್ಲುತ್ತಿತ್ತು. 2009ರಲ್ಲಿ ಆಲಿಸ್ ಮನ್ರೋ, 2013ರಲ್ಲಿ ಲಿಡಿಯಾ ಡೇವಿಸ್ ಅದನ್ನು ಪಡೆದರು, ಇಬ್ಬರೂ ಕತೆಗಾರ್ತಿಯರೇ. 2013ರ ಅಂತಿಮ ಪಟ್ಟಿಯಲ್ಲಿ ನಮ್ಮ ಅನಂತಮೂರ್ತಿಯವರೂ ಇದ್ದರೆಂಬುದನ್ನು ಸ್ಮರಿಸಬೇಕು. 2016ರಿಂದ ಅನುವಾದಿತವಾದ ಒಂದೇ ಗ್ರಂಥಕ್ಕೆ ಪ್ರತಿವರ್ಷ ಕೊಡುವ ನಿಯಮವಾಯಿತು. ಆ ಬಳಿಕ ಗೆದ್ದ ಮೊದಲ ಕಥಾಸಂಗ್ರಹ, ಮೊದಲ ಕನ್ನಡ ಕೃತಿ ಇದು. ಕೇವಲ ಕಥಾಸಂಗ್ರಹಗಳಿಗೆಂದೇ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಫ್ರ್ಯಾಂಕ್ ಓ'ಕಾನರ್ ಹೆಸರಿನ ಪಾರಿತೋಷಕವೊಂದಿತ್ತು. 2008ರಲ್ಲಿ ಝುಂಪಾ ಲಾಹಿರಿಯವರಿಗೆ ಸಂದ ಅದು 2015ರ ನಂತರ ನಿಂತುಹೋಯಿತು.

ಜೂನಿನಲ್ಲಿ ಶಾಲೆ ತೆರೆದಾಗ ಫಲಕದ ಮೇಲೆ ನಾನು ಬಾನು ಮುಷ್ತಾಕರ ಹೆಸರೊಂದನ್ನೇ ಬರೆದೆ. ಐವತ್ತು ಸಾವಿರ ಪೌಂಡಿನಲ್ಲಿ ಅರ್ಧ ಪಾಲು ಅನುವಾದಕಿ ದೀಪಾ ಭಾಸ್ತಿಯವರದೆಂದು ಬಲ್ಲ ನನ್ನಿಂದಲೇ ಈ ಪ್ರಮಾದವಾಯಿತು! ಸಾಂಗಲಿಯಲ್ಲಿ ಕೊಟ್ಟವರು ಮರೆತುಹೋದರು. ಇಲ್ಲಿ ಒಯ್ದವರನ್ನು ನಾನು ಮರೆತೆ. ಮರುದಿನ ಅಳಿಸಿ, ಎರಡೂ ಹೆಸರುಗಳನ್ನು ಸಮನಾದ ಅಕ್ಷರಗಳಲ್ಲಿ ಬರೆಸಿದೆ.

ಭಾಸ್ತಿಯವರು ಕನ್ನಡ, ಉರ್ದು, ಅರಬಿ ಶಬ್ದಗಳನ್ನು ಓರೆ ಅಕ್ಷರಗಳಲ್ಲಿ ಬೇರ್ಪಡಿಸಿಲ್ಲ, ಅಡಿಟಿಪ್ಪಣಿಯನ್ನೂ ಹಚ್ಚಿಲ್ಲ. ಮಿರಜದ ಪೇಟೆಯಲ್ಲಿ ಒಂದೇ ವಾಕ್ಯದೊಳಗೆ ಕನ್ನಡ, ಮರಾಠಿ, ದಖನಿ ಕೂಡಿ ನಡೆಯುವುದನ್ನು ಕೇಳುವ ನಮಗೆ ಅದು ಹೊಸದೆನಿಸದು. ಆದರೂ ನಾವು ಉಪಾಧ್ಯಾಯರು ಮಕ್ಕಳ ನಿಬಂಧಗಳಲ್ಲಿ ಅಂಥ ಶಬ್ದ ಬಂದಾಗ ಕೆಂಪು ಗೆರೆ ಎಳೆಯುತ್ತೇವೆ. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಮುಂದಿನ ಸಭೆಯಲ್ಲಿ ನಮ್ಮ ಬಂಧುಗಳು ಚರ್ಚಿಸಬೇಕೆಂದು ವಿನಂತಿ.