ಭೀಮೆ–ಕೃಷ್ಣೆಯರ ನಡುವೆ: ನೀರು, ಹೊಗೆ ಮತ್ತು ನಮ್ಮ ಹೊಣೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಗಳು ಭೀಮೆಯ ಕಡೆಗಿವೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಕೃಷ್ಣೆಯ ಕಡೆಗಿವೆ. ಎರಡು ದೊಡ್ಡ ನದಿಗಳಿದ್ದರೂ ಈ ಸೀಮೆಗೆ ಅಂಟಿದ ಹೆಸರು ಬರದ ನಾಡು. 1876–78ರ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತ್ಯದಲ್ಲೇ ತೀವ್ರವಾಗಿ ನಲುಗಿದ ಪ್ರದೇಶಗಳಲ್ಲಿ, ಅಂದು ಕಲಾದಗಿ ಜಿಲ್ಲೆ ಎನಿಸಿದ್ದ ಈ ನೆಲವೂ ಒಂದು. ಇಂದು ಭೂಮಿಯ ತಾಪ ಏರುತ್ತಿದೆ, ಮಳೆಯ ಲಯ ತಪ್ಪುತ್ತಿದೆ. ಮೊದಲೇ ಬಾಯಾರಿದ ನೆಲಕ್ಕೆ ಇದು ಇನ್ನೊಂದು ಪರೀಕ್ಷೆ. ಇದರ ಮುಂದೆ ಒಂದು ಸಾಮಾನ್ಯ ಕುಟುಂಬ ಏನು ಮಾಡಬಲ್ಲದು? ಉತ್ತರವನ್ನು ಈ ಜಿಲ್ಲೆಯ ಇತಿಹಾಸದಲ್ಲೇ ಹುಡುಕಬಹುದು.

ಆದಿಲ್‌ಶಾಹಿ ಅರಸರು ಬರವನ್ನು ಬಲ್ಲವರಾಗಿದ್ದರು. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ನಿರ್ಮಾಣವಾದವು. ತೊರವಿಯ ಕಡೆಯಿಂದ ನೆಲದಡಿಯ ಸುರಂಗಗಳು ಬಿಜಾಪುರ ನಗರಕ್ಕೆ ನೀರು ತಂದವು. ಗಂಜ್ ಎಂಬ ಗೋಪುರಗಳು ಕೊಳವೆಗಳ ಒತ್ತಡವನ್ನು ತಗ್ಗಿಸಿದವು. ಅದು ಮಹತ್ತರ ಸಾಧನೆ. ಆದರೆ ನೀರು ಎಲ್ಲಿಗೆ ಹರಿಯಬೇಕೆಂಬ ತೀರ್ಮಾನ ಅರಸನದಾಗಿತ್ತು, ಪ್ರಜೆಯದಲ್ಲ.

ಪ್ರಜಾಪ್ರಭುತ್ವದಲ್ಲಿ ಆ ಹೊಣೆ ನಮ್ಮ ಹೆಗಲಿಗೆ ಬಂದಿದೆ. ಬಸವನ ಬಾಗೇವಾಡಿ ಸೀಮೆಯ ಕೂಡಗಿ ಇದಕ್ಕೆ ಸಾಕ್ಷಿ. ಅಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ 2012ರಲ್ಲಿ ಪರಿಸರ ಅನುಮತಿ ದೊರೆಯಿತು. ಅದಕ್ಕೆ ನೀರು ಆಲಮಟ್ಟಿ ಜಲಾಶಯದ್ದು. ಹೊಲ, ನೀರು, ಹಾರುಬೂದಿಯ ಚಿಂತೆಯಿಂದ ಸ್ಥಳೀಯರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೋದರು. 2014ರ ಮಾರ್ಚ್ 13ರಂದು ಮಂಡಳಿ ಆ ಅನುಮತಿಯನ್ನು ತಡೆಹಿಡಿದು, ಮರುಪರಿಶೀಲನೆಗೆ ಆದೇಶಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರತಿಭಟನೆ ಘರ್ಷಣೆಗೆ ತಿರುಗಿ, ಪೊಲೀಸರ ಗುಂಡೇಟಿನಿಂದ ರೈತರು ಗಾಯಗೊಂಡರು. ಕೊನೆಗೆ ಸ್ಥಾವರ ನಿಂತಿತು. 2017–18ರಲ್ಲಿ ಅದರ ಮೂರು ಘಟಕಗಳೂ ಆರಂಭವಾದವು.

ಹಾಗಾದರೆ ಹೋರಾಟ ವ್ಯರ್ಥವಾಯಿತೇ? ಇಲ್ಲ. ಹಳ್ಳಿಯ ರೈತನೂ ಪ್ರಬಲ ಯೋಜನೆಯೊಂದನ್ನು ಕಾನೂನಿನ ಮುಂದೆ ನಿಲ್ಲಿಸಿ ಪ್ರಶ್ನಿಸಬಲ್ಲನೆಂದು ಅದು ತೋರಿಸಿತು. ಆದರೆ ಅದು ಇನ್ನೊಂದು ಪಾಠವನ್ನೂ ಕಲಿಸಿತು: ಸಿಮೆಂಟು ಬಿದ್ದ ಮೇಲೆ ಎತ್ತುವ ದನಿಗಿಂತ, ಮೊದಲೇ ಎತ್ತುವ ದನಿಗೆ ಬಲ ಹೆಚ್ಚು. 2006ರ ಪರಿಸರ ಅಧಿಸೂಚನೆಯಂತೆ ಇಂತಹ ಬೃಹತ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಆ ಸಭೆಯಲ್ಲೂ ಗ್ರಾಮಸಭೆಯಲ್ಲೂ ನಮ್ಮ ಕುರ್ಚಿ ಖಾಲಿ ಇರಬಾರದು. ಹೋರಾಟ ಶಾಂತಿಯುತವಾಗಿರಲಿ, ದಾಖಲೆ ಕೈಯಲ್ಲಿರಲಿ, ನೆರೆಯ ಎಲ್ಲ ಸಮುದಾಯಗಳೂ ಜೊತೆಗಿರಲಿ. ಬರವು ಯಾರ ಧರ್ಮವನ್ನೂ ಕೇಳಿ ಬರುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ವಿಧಾನಸಭಾ ಕ್ಷೇತ್ರಗಳು. ಮತ ಕೇಳಲು ಬಂದವರಿಗೆ ನಾವು ರಸ್ತೆ, ಶಾದಿಮಹಲುಗಳ ಬೇಡಿಕೆ ಇಡುತ್ತೇವೆ. ಕೆರೆಯ ಹೂಳು, ಸೌರವಿದ್ಯುತ್ತು, ಹಾರುಬೂದಿಯ ವಿಲೇವಾರಿ ಕುರಿತೂ ಕೇಳೋಣ. ಮತವೂ ಒಂದು ಅಮಾನತ್. ಅದನ್ನು ಬರುವ ಪೀಳಿಗೆಯ ಹಿತ ನೋಡಿ ಅರ್ಹರಿಗೆ ಒಪ್ಪಿಸಬೇಕು.

ಮೂರನೆಯ ಹೊಣೆ ಮನೆಯೊಳಗಿದೆ. ಕಲ್ಲಿದ್ದಲಿನಿಂದ ಒಂದು ಯುನಿಟ್ ವಿದ್ಯುತ್ ತಯಾರಾಗುವಾಗ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನಿಗೂ ಕೂಡಗಿಯಂತಹ ಚಿಮಣಿಗಳ ಹೊಗೆಗೂ ಸಂಬಂಧವಿದೆ. ಪ್ರವಾದಿಯವರು(ಸ) ಒಂದು ಮುದ್ದ್, ಅಂದರೆ ಬೊಗಸೆ ತುಂಬುವಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರು. ನಮ್ಮ ಮಸೀದಿಗಳ ನಲ್ಲಿಗಳಿಂದ ಒಂದು ವುಝೂಗೆ ಎಷ್ಟು ಬೊಗಸೆ ಹರಿಯುತ್ತದೆ? ಕಪ್ಪುಮಣ್ಣಿನ ತೇವದಲ್ಲೇ ಬೆಳೆಯುವ ಹಿಂಗಾರಿ ಜೋಳವನ್ನು ತಟ್ಟೆಗೆ ಮರಳಿ ತರುವುದು, ವಲೀಮಾದಲ್ಲಿ ಅನ್ನ ಚೆಲ್ಲದಿರುವುದು, ಈದ್ಗಾಹ್ ಹಾಗೂ ಖಬರ್‌ಸ್ತಾನಗಳಲ್ಲಿ ಬೇವು ನೆಟ್ಟು ಬೇಸಿಗೆಯಲ್ಲಿ ನೀರೆರೆಯುವುದು, ಇವೆಲ್ಲ ಎಲ್ಲರ ಕೈಗೆಟಕುವ ಕೆಲಸಗಳು.

ಮನೆಯ ಮಿತವ್ಯಯವೊಂದೇ ಚಿಮಣಿಯನ್ನು ತಡೆಯಲಾರದು. ಮನೆಯಲ್ಲಿ ದುಂದು ಮಾಡುವವನ ಘೋಷಣೆಗೆ ಬೆಲೆ ಬರದು. ಇವೆರಡೂ ಇದ್ದು ಮತ ಮಾರಿಕೊಂಡರೆ ಫಲವಿಲ್ಲ. ಅರಸನೊಬ್ಬನ ಕಾಳಜಿ ಅಂದು ಒಂದು ನಗರದ ದಾಹ ತಣಿಸಿತು. ಇಂದು ಆ ಕಾಳಜಿ ಪ್ರತಿಯೊಂದು ಮನೆಯಲ್ಲೂ ಹುಟ್ಟಬೇಕಾಗಿದೆ. ಅಲ್ಲಾಹನು ಅದಕ್ಕೆ ನಮಗೆ ಸನ್ಮತಿಯನ್ನು ಕರುಣಿಸಲಿ.