ೞ ಕಾಣದಿದ್ದರೆ ಳ ಹಾಕಬೇಡಿ: ಹಳೆಯ ಅಕ್ಷರ, ಲಿನಕ್ಸ್ ಮತ್ತು ಫಾಂಟು

ಆತಕೂರು ಶಾಸನ ಈ ಬ್ಲಾಗಿನ ಓದುಗರಿಗೆ ಹೊಸದಲ್ಲ. ಹತ್ತನೆಯ ಶತಮಾನದ್ದು, ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಯುದ್ಧದಲ್ಲಿ ಮೆರೆದ ವೀರನಿಗೆ ಸಿಕ್ಕ ಬಾಳ್ಗಚ್ಚಿನ ಮಾತೂ ಅದರಲ್ಲಿ ಬರುತ್ತದೆ. ಬಾಳ್ಗಚ್ಚು ಅಂದರೆ ಕತ್ತಿ ತೊಳೆದು ಕೊಡುವ ಉಂಬಳಿ. ಪದ ಬಿಡಿಸಿ ನೋಡಿ: ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಮೊದಲನೆಯದು ಳ, ಎರಡನೆಯದು ೞ. ಕೞ್ಚು ಸವೆದು ಕರ್ಚು, ಕಚ್ಚು ಆಯಿತು.

ಇಲ್ಲಿ ೞ ಬದಲು ಳ ಬರೆದರೂ ಅರ್ಥ ಹೇಗೋ ಹೊಳೆಯುತ್ತದೆ. ಆದರೆ ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ವೀರಗಲ್ಲಿನ ಸವೆದ ಸಾಲಿನಲ್ಲಿ ಈ ಎರಡರಲ್ಲಿ ಯಾವುದು ಅನ್ನೋದು ಸಣ್ಣ ವಿಷಯವಲ್ಲ. ಕಾಲನಿರ್ಣಯಕ್ಕೂ ಇದು ಬೇಕು. ಹನ್ನೆರಡನೆಯ ಶತಮಾನದ ಹೊತ್ತಿಗೆ ೞ ಬಳಕೆಯಿಂದ ಬಹುಮಟ್ಟಿಗೆ ಜಾರಿತ್ತು. ಆಮೇಲೆ ಬಂದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳ ಎಂದು ಬೇರೆ ಮಾಡಿ, ರಳ ಅಂದರೆ ೞ ಇರುವ ಪದಗಳನ್ನು ಪಟ್ಟಿ ಮಾಡಬೇಕಾಯಿತು. ತೇದಿಯಿಲ್ಲದ ಕಲ್ಲಿನಲ್ಲಿ ೞ ಸರಿಯಾದ ಜಾಗದಲ್ಲೇ ಬಂದಿದ್ದರೆ ಅದೂ ಒಂದು ಸಾಕ್ಷಿ.

ಅಚ್ಚುಮೊಳೆಯ ಕಾಲದಲ್ಲಿ ಎರಕ ಹೊಯ್ಯದ ಅಕ್ಷರ ಅಚ್ಚಾಗುತ್ತಿರಲಿಲ್ಲ. 1894ರ ಕಿಟ್ಟೆಲ್ ನಿಘಂಟಿನಲ್ಲಿ ಱ, ೞ ಎರಡೂ ಇವೆ. ಅಂದರೆ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನವರು ಯಾರೂ ಬಳಸದ ಅಕ್ಷರಕ್ಕೂ ಮೊಳೆ ಇಟ್ಟುಕೊಂಡಿದ್ದರು. ನೂರು ವರ್ಷದ ನಂತರ ಕಂಪ್ಯೂಟರ್ ಬಂದಾಗ ನಾವು ಅಷ್ಟು ಎಚ್ಚರ ವಹಿಸಲಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಒಂದು ಹಳ್ಳಿಯ ವೀರಗಲ್ಲನ್ನು ಓದಿ, ಆಗಿನ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಟ್ಟೆ. ಆ ಫಾಂಟುಗಳ ಮರ್ಮ ಏನೆಂದರೆ, ಫೈಲಿನೊಳಗೆ ಕನ್ನಡವೇ ಇರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಿದ್ದರು, ಅಷ್ಟೇ. ಮುಂದೆ ಲಿನಕ್ಸ್ ಹಾಕಿಕೊಂಡು ಫೈಲ್ ತೆರೆದರೆ ಬರೀ ಪೌಂಡ್ ಚಿಹ್ನೆ, ಚುಕ್ಕಿಗಳ ರಾಶಿ. ಒಂದು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆ. ಕನ್ನಡ ಚೆನ್ನಾಗಿಯೇ ಬಂತು, ಖುಷಿಯಾಯಿತು. ಎಲ್ಲ ೞ ಗಳೂ ಳ ಆಗಿದ್ದು ಗಮನಕ್ಕೆ ಬಂದದ್ದು ಒಂದು ವರ್ಷದ ಮೇಲೆ. ಬರೆದುಕೊಂಡ ನೋಟ್‌ಬುಕ್ ಅಷ್ಟರಲ್ಲಿ ಮನೆ ಬದಲಿಸುವಾಗ ಹೋಗಿತ್ತು.

ಯೂನಿಕೋಡ್‌ನಲ್ಲಿ ೞ ಮೊದಲಿನಿಂದಲೂ ಇದೆ, 0ಸಿಡಿಇ ಎಂಬ ಸ್ಥಾನದಲ್ಲಿ. ತಮಾಷೆ ಎಂದರೆ ಅಲ್ಲಿ ಅದರ ಹೆಸರು 'ಫ'! ತಪ್ಪು ಹೆಸರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬ ನಿಯಮ ಇರುವುದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿಸಿದ್ದಾರೆ. ಱ 0ಸಿಬಿ1ರಲ್ಲಿದೆ. ನಕಾರ ಪೊಲ್ಲು ಮಾತ್ರ 2021ರವರೆಗೆ ಕಾಯಬೇಕಾಯಿತು. ಸಂಕೇತ ಇದ್ದರೆ ಸಾಲದು, ಫಾಂಟಿನಲ್ಲಿ ಅದರ ಚಿತ್ರವೂ ಇರಬೇಕು. ಇಲ್ಲದಿದ್ದರೆ ಖಾಲಿ ಚೌಕ ಕಾಣುತ್ತದೆ. ಲಿನಕ್ಸ್‌ನಲ್ಲಿ ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆ ಇಲ್ಲದ ಅಕ್ಷರವನ್ನು ಬೇರೆ ಫಾಂಟಿನಿಂದ ತಂದು ತುಂಬಲು ನೋಡುತ್ತದೆ. ಆದರೆ ೞ್ಚು ತರಹದ ಒತ್ತಕ್ಷರದಲ್ಲಿ ೞ ಒಂದು ಫಾಂಟಿನದು, ಚ ಇನ್ನೊಂದರದು ಆದರೆ ಒತ್ತು ಕಳಚಿಕೊಳ್ಳಬಹುದು. ಹಾಗಾಗಿ ಎಲ್ಲವೂ ಒಂದೇ ಫಾಂಟಿನಲ್ಲಿರುವುದು ಒಳ್ಳೆಯದು.

ಹಾಕಿಕೊಳ್ಳುವುದು ಕಷ್ಟವೇನಲ್ಲ. ಡೆಬಿಯನ್, ಉಬುಂಟು ಇದ್ದರೆ ಸಾಫ್ಟ್‌ವೇರ್ ಭಂಡಾರದಲ್ಲೇ ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೊ ಸಿಗುತ್ತವೆ. ನನ್ನ ಆಯ್ಕೆ ನೋಟೊ. ಅದರ ಜೊತೆಗೆ ಬರುವ ಬ್ರಾಹ್ಮಿ ಫಾಂಟು ಬ್ರಹ್ಮಗಿರಿ, ಮಸ್ಕಿಯ ಅಶೋಕ ಶಾಸನ ಟೈಪ್ ಮಾಡುವವರಿಗೂ ಆಗುತ್ತದೆ. ಬೇರೆ ಕಡೆಯಿಂದ ಇಳಿಸಿಕೊಂಡ ಫಾಂಟಾದರೆ ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್-ಎಚ್ ಒತ್ತಿ. ಅಡಗಿರುವ ಡಾಟ್-ಲೋಕಲ್ ಫೋಲ್ಡರ್ ಕಾಣುತ್ತದೆ. ಅದರೊಳಗೆ ಶೇರ್, ಅದರೊಳಗೆ ಫಾಂಟ್ಸ್. ಇಲ್ಲದಿದ್ದರೆ ನೀವೇ ಮಾಡಿ ಫಾಂಟಿನ ಫೈಲನ್ನು ಅಲ್ಲಿ ಹಾಕಿ. ಟರ್ಮಿನಲ್‌ನಲ್ಲಿ ಎಫ್‌ಸಿ-ಕ್ಯಾಶ್ ಕೊಟ್ಟರೆ ಫಾಂಟ್ ಪಟ್ಟಿ ಹೊಸದಾಗುತ್ತದೆ. ಲಿಬ್ರೆಆಫೀಸ್ ಮುಚ್ಚಿ ತೆರೆಯಿರಿ, ಅದನ್ನು ಮರೆತು ನಾನು ಅರ್ಧ ಗಂಟೆ ಒದ್ದಾಡಿದ್ದೇನೆ. ಆಮೇಲೆ ಈ ನಾಲ್ಕು ಪದ ಟೈಪ್ ಮಾಡಿ ಪರೀಕ್ಷಿಸಿ: ಏೞು, ಪೞೆಯ, ಕೆಱೆ, ಬಾಳ್ಗೞ್ಚು. ನಾಲ್ಕೂ ನೆಟ್ಟಗೆ ಕಂಡರೆ ಆ ಫಾಂಟು ನಮ್ಮ ಕೆಲಸಕ್ಕೆ ಬಂತು. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ, ಫಾಂಟು ಅದರೊಳಗೇ ಸೇರಿರಲಿ. ಜೊತೆಗೆ ಮೂಲ ಫೈಲನ್ನೂ ಕೊಡಿ.

ಎಷ್ಟೋ ಮಿತ್ರರು "ಚೌಕ ಬರ್ತಿದೆ ಸಾರ್, ಅದಕ್ಕೇ ಳ ಹಾಕಿದೆ" ಅಂತಾರೆ. ದಯವಿಟ್ಟು ಬೇಡ. ಚೌಕ ಕಂಡರೆ ಅಲ್ಲೊಂದು ಅಕ್ಷರ ಇದೆ ಎಂದಾದರೂ ತಿಳಿಯುತ್ತದೆ. ನಾಳೆ ಫಾಂಟು ಹಾಕಿದವರಿಗೆ ಅದು ತಾನಾಗಿ ಕಾಣುತ್ತದೆ. ಳ ಹಾಕಿದರೆ ಅಲ್ಲಿ ೞ ಇತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ.

ನಾನು ಆ ವೀರಗಲ್ಲನ್ನು ಮತ್ತೆ ಓದೋಣವೆಂದು ಹೋಗಿದ್ದೆ. ಕಲ್ಲನ್ನು ಗುಡಿಯ ಪಕ್ಕ ನಿಲ್ಲಿಸಿ, ಭಕ್ತಿಯಿಂದಲೇ ಆಯಿಲ್ ಪೇಂಟ್ ಬಳಿದಿದ್ದರು. ಮೂರನೆಯ ಸಾಲಿನಲ್ಲಿದ್ದದ್ದು ಬಾಳೋ ಬಾೞೋ, ಈಗ ಹೇಳಲಾರೆ. ನನ್ನ ಫೈಲಿನಲ್ಲಿ ಆ ಪದದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.